ಸಂಪಾದಕರ ಉತ್ತರ: ಹಾರಿಸಿದ್ದು ಸಾಕು, ಇನ್ನು ಹಿಡಿಯುವ ಕೆಲಸ ನೋಡಿ ಮಾರಾಯ್ರೆ

ಪತ್ರ: "ಧ್ರುವಗಳ ಮೇಲೆ ಸುತ್ತುವ ಉಪಗ್ರಹಗಳ ಡೇಟಾ ಬೇಗ ಸಿಗಬೇಕು, ಅದಕ್ಕೆ ಖರ್ಚು ಮಾಡಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಇನ್ಸಾಟ್ ಕಾಲು ಗಂಟೆಗೊಮ್ಮೆ ಫೋಟೋ ಕಳಿಸ್ತಿರುವಾಗ, ದಿನಕ್ಕೆ ಎರಡು ಸಲ ತಲೆ ಮೇಲೆ ಹಾದುಹೋಗುವ ಉಪಗ್ರಹದ ಸುದ್ದಿ ಒಂದು ಗಂಟೆ ಬೇಗ ಬಂದರೇನು, ತಡವಾದರೇನು? ಆರೆಂಜ್ ಅಲರ್ಟ್ ಅಂತ ಶಾಲೆಗೆ ರಜೆ ಕೊಡ್ತಾರೆ, ಅವತ್ತೇ ಬಿಸಿಲು. ಆ ದುಡ್ಡಲ್ಲಿ ನಾಲಾ ಸಫಾಯಿ ಮಾಡಿಸಲಿ." – ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಾಲಾ ವಿಷಯ ಮೊದಲು ಮುಗಿಸಿಬಿಡುವ. ನೀವು ಹೇಳಿದ್ದು ಸರಿ. ಮುಂಬೈಯ ಹಿಂದ್‌ಮಾತಾದಲ್ಲಿ, ಮಿಲನ್ ಸಬ್‌ವೇಯಲ್ಲಿ ನೀರು ನಿಲ್ಲುದಕ್ಕೆ ಉಪಗ್ರಹ ಎಂತ ಮಾಡ್ತದೆ, ಏನೂ ಇಲ್ಲ. ಮಾಡಿಸ್ಲಿ, ಬೇಗ ಮಾಡಿಸ್ಲಿ. ಆಯ್ತಲ್ಲ?

ಇನ್ನು ಇನ್ಸಾಟ್, ನಮ್ಮ ಹವಾಮಾನ ಉಪಗ್ರಹಗಳು. ಇನ್ಸಾಟ್-3ಡಿಆರ್ 2016ರಲ್ಲಿ ಮೇಲೆ ಹೋಯ್ತು, 3ಡಿಎಸ್ 2024ರ ಫೆಬ್ರವರಿಯಲ್ಲಿ, ಎರಡೂ 36,000 ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತ ಹಾಗೆ ನಮ್ಮನ್ನೇ ನೋಡ್ತಾ ಉಂಟು, ಒಳ್ಳೆ ಕೆಲಸ ಮಾಡ್ತವೆ, ನನಗೂ ಹೆಮ್ಮೆಯೇ. ಆದ್ರೆ ಸ್ವಾಮೀ, ಅವು ನೋಡುದು ಮೋಡದ ನೆತ್ತಿಯನ್ನು. ಇನ್‌ಫ್ರಾರೆಡ್ ಕಣ್ಣು ದಟ್ಟ ಮೋಡ ಸಿಕ್ಕಿದ ಕೂಡ್ಲೆ ಅಲ್ಲೇ ನಿಲ್ತದೆ, ಜುಲೈಯಲ್ಲಿ ಅರಬ್ಬೀ ಸಮುದ್ರದ ಮೇಲೆ ಮೋಡ ಬಿಟ್ಟು ಬೇರೆ ಎಂತ ಉಂಟು ಹೇಳಿ. ಮೋಡದ ಹೊಟ್ಟೆ ಒಳಗೆ ಎಷ್ಟು ಬಿಸಿ, ಎಷ್ಟು ತೇವ ಅಂತ ಅಳೆಯುದಕ್ಕೆ ಮೋಡ ದಾಟಿ ಬರುವ ಮೈಕ್ರೋವೇವ್ ತರಂಗ ಹಿಡಿಯಬೇಕು, 36,000 ಕಿಲೋಮೀಟರಿಂದ ಅದನ್ನು ಸ್ಪಷ್ಟವಾಗಿ ಅಳೆಯುದಾದ್ರೆ ಆಂಟೆನಾ ಸಿಕ್ಕಾಪಟ್ಟೆ ದೊಡ್ಡದಾಗಬೇಕಾಗ್ತದೆ, ಅದಕ್ಕೇ ಆ ಸಾಧನಗಳೆಲ್ಲ ಎಂಟುನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳಲ್ಲಿ ಕೂತಿರುದು. ಯುರೋಪಿನ ಮೆಟಾಪ್, ಅಮೆರಿಕದ ನೋವಾ-20, ನೋವಾ-21, ಚೀನಾದ ಫೆಂಗ್ಯುನ್-3. ಒಂದೊಂದೂ ದಿನಕ್ಕೆ ಎರಡು ಸಲವೇ ಹಾಯ್ತದೆ ಅಂತ ನೀವು ಹೇಳಿದ್ದು ಹೌದು, ಆದ್ರೆ ಇರುದು ಒಂದೇ ಅಲ್ಲವಲ್ಲ. ಮಾಡೆಲ್, ಅಂದ್ರೆ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಓಡಿಸುವವರನ್ನು ಕೇಳಿ ನೋಡಿ, ಬೇರೆ ಎಷ್ಟೋ ಡೇಟಾ ಬಿಟ್ಟಾರು, ಈ ಮೈಕ್ರೋವೇವ್ ಡೇಟಾ ಬಿಡ್ಲಿಕ್ಕೆ ಒಪ್ಪುದಿಲ್ಲ.

ಈಗ ತಡದ ಕತೆಗೆ ಬರ್ತೇನೆ, ನನ್ನ ತಲೆಬಿಸಿ ಇರುದು ಇಲ್ಲೇ. ಈ ಉಪಗ್ರಹ ಒಂದು ಸುತ್ತು ಹಾಕ್ಲಿಕ್ಕೆ ಸುಮಾರು 100 ನಿಮಿಷ, ದಿನಕ್ಕೆ 14 ಸುತ್ತು. ಕಂಡದ್ದನ್ನೆಲ್ಲ ಹೊಟ್ಟೆಯಲ್ಲಿ ತುಂಬಿಸಿಕೊಂಡು ಹೋಗಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ ಇಳಿಸ್ತದೆ. 78 ಡಿಗ್ರಿ ಉತ್ತರ, ಹಿಮಕರಡಿಗಳ ಊರು, ಅಲ್ಲಿ ಯಾಕೆ ಅಂದ್ರೆ ಧ್ರುವದ ಹತ್ತಿರ ಇರುವ ಕಾರಣ 14 ಸುತ್ತೂ ಅಲ್ಲಿಗೆ ಕಾಣ್ತದೆ. ಸುತ್ತಿಗೆ ಒಂದೇ ಸಲ ಇಳಿಸಿದ್ರೆ, ಹಿಂದಿನ ಸಲ ಇಳಿಸಿದ ಮರುಕ್ಷಣ ಕಂಡದ್ದು ಕೆಳಗೆ ಬರುವಾಗಲೇ ಗಂಟೆ ಒಂದೂವರೆ ದಾಟಿರ್ತದೆ, ಆಮೇಲೆ ಕೇಬಲ್ಲು, ಕಂಪ್ಯೂಟರು, ಸಂಸ್ಕರಣೆ, ಅದು ಬೇರೆ. ಡೇಟಾ ಅಂದ್ರೆ ಬಂಗುಡೆ ಇದ್ದ ಹಾಗೆ ಮಾರಾಯ್ರೆ, ಬೆಳಿಗ್ಗೆ ಸಸೂನ್ ಡಾಕಲ್ಲಿ ಇದ್ದ ಬೆಲೆ ಮಧ್ಯಾಹ್ನ ಇಲ್ಲ. ಬೆಳಿಗ್ಗೆ ಐದೂವರೆಯ ಸ್ಥಿತಿ ಇಟ್ಟುಕೊಂಡು ಮಾಡೆಲ್ ಶುರು ಮಾಡ್ತಾರೆ, ಕಾಯುದಕ್ಕೆ ಒಂದು ಗಡುವು ಉಂಟು, ಗಡುವು ದಾಟಿ ಬಂದ ಡೇಟಾ ಎಷ್ಟೇ ಚಂದ ಇದ್ರೂ ಆ ಮುನ್ಸೂಚನೆಗೆ ಅದು ಸೇರುದಿಲ್ಲ. ಇಡೀ ಲೋಕದ ಮಾಡೆಲ್ ಆದ್ರೆ ಕೆಲವು ಗಂಟೆ ಕಾಯ್ತದೆ, ಗಂಟೆಗಂಟೆಗೆ ಹೊಸದಾಗಿ ಓಡುವ ಸಣ್ಣ ಪ್ರದೇಶದ ಮಾಡೆಲ್ ಕಾಯುದೇ ಇಲ್ಲ. ಮುಂಬೈಗೆ ಬೇಕಾದ್ದು ಈ ಎರಡನೇದು.

ಬೇರೆಯವರು ಕೈ ಕಟ್ಟಿ ಕೂರ್ಲಿಲ್ಲ. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೋದಲ್ಲೂ ಡಿಶ್ ಹಾಕಿ ಸುತ್ತಿಗೆ ಎರಡು ಸಲ ಇಳಿಸುವ ಹಾಗೆ ಮಾಡಿದ್ರು, ಕಾಯುವ ಹೊತ್ತು ಅರ್ಧ ಆಯ್ತು. ಸ್ವಾಲ್‌ಬಾರ್ಡಿಗೆ 2004ರಲ್ಲೇ ಸಮುದ್ರದಡಿ ಫೈಬರ್ ಕೇಬಲ್ ಬಂತು, 2022ರ ಜನವರಿಯಲ್ಲಿ ಎರಡರಲ್ಲಿ ಒಂದು ಹಾಳಾಗಿ ಗಾಬರಿಯೂ ಆಯ್ತು. ಇದಕ್ಕಿಂತ ಸುಲಭದ ದಾರಿಯೂ ಉಂಟು. ಈ ಉಪಗ್ರಹಗಳು ಡೇಟಾ ತುಂಬಿಸಿಕೊಳ್ತಾ ಇರುವಾಗಲೇ ಕೆಳಗಿನವರಿಗೂ ಬಿತ್ತರಿಸ್ತಾ ಹೋಗ್ತವೆ. ತಲೆ ಮೇಲೆ ಹಾಯುವ ಹತ್ತು ಹನ್ನೆರಡು ನಿಮಿಷ ಅದರ ಹಿಂದೆಯೇ ತಿರುಗುವ ಎರಡು ಮೂರು ಮೀಟರಿನ ಡಿಶ್ ಇದ್ರೆ ಯಾರೂ ಹಿಡಿಯಬಹುದು. ಹೀಗೆ ಹಿಡಿದದ್ದನ್ನು ಅರ್ಧ ಗಂಟೆಯೊಳಗೆ ಹಂಚಿಕೊಳ್ಳುವ ಜಾಲ ಯುರೋಪಿನವರು ಇಪ್ಪತ್ತು ವರ್ಷಕ್ಕಿಂತ ಹಿಂದೆಯೇ ಶುರು ಮಾಡಿದ್ರು, ಈಗ ಅದು ವಿಶ್ವ ಹವಾಮಾನ ಸಂಸ್ಥೆಯ ಹೆಸರಲ್ಲಿ ಲೋಕವಿಡೀ ಹರಡಿದೆ. ನಮ್ಮಲ್ಲೂ ದೆಹಲಿ, ಚೆನ್ನೈ, ಗುವಾಹಟಿಯಲ್ಲಿ ಇಂಥ ಡಿಶ್ ಉಂಟು, ಇಲ್ಲ ಅಂತ ನಾನು ಹೇಳ್ಲಿಲ್ಲ. ಆದ್ರೆ ನಮ್ಮ ಮಳೆ ಎಲ್ಲಿಂದ ಬರ್ತದೆ? ಸೊಮಾಲಿಯಾ ಕರಾವಳಿಯಿಂದ ಹೊರಟ ಗಾಳಿ ಇಡೀ ಅರಬ್ಬೀ ಸಮುದ್ರದ ತೇವ ಹೀರಿಕೊಂಡು ಸೀದಾ ಗೋವಾ, ರತ್ನಾಗಿರಿ, ಮುಂಬೈಗೆ ಬಂದು ಗುದ್ದುದು. ಆ ದಾರಿಯಲ್ಲಿ ಮಳೆಮಾಪಕ ಇಲ್ಲ, ಬಲೂನ್ ಹಾರಿಸುವವರಿಲ್ಲ. ಕೊಂಕಣ ತೀರದಲ್ಲಿ ಡಿಶ್ ಇಟ್ರೆ ಸುತ್ತ ಸುಮಾರು 2,500 ಕಿಲೋಮೀಟರ್ ಹಿಡಿಯಬಹುದು, ಸೊಮಾಲಿಯಾ ಹತ್ತಿರದ ಸೊಕೋತ್ರಾ ದ್ವೀಪ ಅದರೊಳಗೆ ಬರ್ತದೆ. ಚೆನ್ನೈಯಿಂದ ಅದು ದಿಗಂತದ ಅಂಚಿಗೆ ಹೋಗಿಬಿಡ್ತದೆ.

ಇದರಲ್ಲಿ ಬೇಜಾರಿನ ಸಂಗತಿ ಎಂತ ಗೊತ್ತುಂಟಾ, ಈ ಕೆಲಸ ಒಂದು ಕಾಲದಲ್ಲಿ ನಮ್ಮ ಕೊಲಾಬಾದಲ್ಲೇ ಆಗ್ತಿತ್ತು. 1963ರ ಡಿಸೆಂಬರಿನಲ್ಲಿ ಟೈರೋಸ್-8 ಹಾರಿತು, ಕಂಡದ್ದನ್ನು ಯಾರೂ ಹಿಡಿಯುವ ಹಾಗೆ ಆಗಿಂದಾಗ ಕೆಳಗೆ ಬಿತ್ತರಿಸುವ ಮೊದಲ ಉಪಗ್ರಹ ಅದು, ಹಿಂದೂ ಮಹಾಸಾಗರದ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನ ನಡೀತಿದ್ದ ಆ ಕಾಲದಲ್ಲಿ ಅಂಥ ಚಿತ್ರ ಹಿಡಿಯುವ ಯಂತ್ರ ಮುಂಬೈಗೆ ಬಂತು. ಪುಣೆಯ ಶಿವಾಜಿನಗರದ 'ಶಿಮ್ಲಾ ಆಫೀಸ್' ಇದೆಯಲ್ಲ, 1928ರಲ್ಲಿ ಶಿಮ್ಲಾದಿಂದ ಇಳಿದು ಬಂದ ಹವಾಮಾನ ಕಚೇರಿ, ಅಲ್ಲಿ ನಿವೃತ್ತರಾದ ನಮ್ಮ ಕಡೆಯ ಹಿರಿಯರೊಬ್ಬರು ಒಂದು ಕನ್ನಡ ಕಾರ್ಯಕ್ರಮದಲ್ಲಿ ಸಿಕ್ಕಿದಾಗ ಇದನ್ನು ಹೇಳಿ, "ಒದ್ದೆ ಕಾಗದದ ಮೇಲೆ ಚಂಡಮಾರುತ ಗೆರೆಗೆರೆಯಾಗಿ ಮೂಡುವಾಗ ಕಾಫಿಗೂ ಏಳ್ತಿರ್ಲಿಲ್ಲ ನಾವು" ಅಂದ್ರು. ಈಗ ಪುಣೆಯ ಪಾಷಾಣದಲ್ಲಿ 'ಅರ್ಕ' ಸೂಪರ್‌ಕಂಪ್ಯೂಟರ್ ಉಂಟು, 6 ಕಿಲೋಮೀಟರ್ ಚೌಕದ ಭಾರತ್ ಫೋರ್‌ಕಾಸ್ಟ್ ಮಾಡೆಲ್ 2025ರ ಮೇ ತಿಂಗಳಲ್ಲಿ ಬಂತು, ಎಲ್ಲ ಸರಿ. ಅಷ್ಟು ದೊಡ್ಡ ಯಂತ್ರಕ್ಕೆ ಹಳಸಿದ್ದು ಬಡಿಸುದಾ?

ನಿಮಗೆ 2005ರ ಜುಲೈ 26 ನೆನಪಿರ್ಬೇಕು. ಸಾಂತಾಕ್ರೂಜಲ್ಲಿ 944 ಮಿಲಿಮೀಟರ್, ಅದೇ ಊರಿನ ಕೊಲಾಬಾದಲ್ಲಿ 73. ಉಪಗ್ರಹದ ಡೇಟಾ ಬೇಗ ಬಂದಿದ್ರೆ ಅವತ್ತಿನದ್ದು ತಪ್ತಿತ್ತು ಅಂತ ಸುಳ್ಳು ಹೇಳುದಿಲ್ಲ, ಅಂಥ ಚಿಕ್ಕ ಜಾಗದ ಮಳೆಗೆ ಡಾಪ್ಲರ್ ರಾಡಾರ್ ಬೇಕಿತ್ತು, ಆಗ ನಮಗೆ ಇರ್ಲಿಲ್ಲ. ಆದ್ರೆ 2009ರ ನವೆಂಬರಿನ ಫಯಾನ್ ಚಂಡಮಾರುತ ತಗೊಳ್ಳಿ, ಕೊಂಕಣದ ಎಷ್ಟು ಮೀನುಗಾರರು ಹಿಂದೆ ಬರ್ಲೇ ಇಲ್ಲ. ಕಡಲಲ್ಲಿ ಇರುವವನಿಗೆ ಎರಡು ಗಂಟೆ ಅಂದ್ರೆ ಬಂದರು ಮುಟ್ಟುವಷ್ಟು ಹೊತ್ತು. ನಮ್ಮ ಓಶನ್‌ಸ್ಯಾಟ್ ಕಡಲಿನ ಮೇಲ್ಮೈಯ ಕಿರು ಅಲೆಗಳಿಗೆ ರಾಡಾರ್ ಬಡಿದು ಗಾಳಿ ಎತ್ತ, ಎಷ್ಟು ಜೋರು ಅಂತ ಹೇಳ್ತದೆ, ಧ್ರುವ ಕಕ್ಷೆಯದ್ದೇ ಅದೂ. ಮಲ್ಪೆಯಿಂದ ವಾಸ್ಕೋವರೆಗೆ ಬೋಟಿನವರನ್ನು ಕೇಳಿ, ಒಂದು ಗಂಟೆ ಬೇಗ ಬಂದರೇನು ಅಂತ. ಡೊಂಬಿವಲಿಯ ಬಾಲ್ಕನಿಯಲ್ಲಿ ಕೂತು ಕೇಳಿದ ಹಾಗೆ ಇರ್ಲಿಕ್ಕಿಲ್ಲ ಉತ್ತರ.

ಅಲರ್ಟ್ ದಿನ ಬಿಸಿಲು ಅಂದ್ರಲ್ಲ. ಹೌದು, ಆಗ್ತದೆ, ನಮ್ಮ ಮನೆಯಲ್ಲೂ ಬೈತಾರೆ. ಹೆಚ್ಚು ಸರಿ ಹೇಳ್ಬೇಕಾದ್ರೆ ಹೆಚ್ಚು ತಾಜಾ ಡೇಟಾ ಬೇಕು ಅಂತ ತಾನೇ ನಾನು ಬೊಬ್ಬೆ ಹಾಕುದು!

ನನ್ನ ಹೊಟ್ಟೆಯುರಿ ನಿಜಕ್ಕೂ ಬೇರೆಯೇ. ಹಾರಿಸುವ ದಿನ ಟಿವಿ, ಲಡ್ಡು, ಚಪ್ಪಾಳೆ. ಕೆಳಗೆ ಹಿಡಿಯುವ ಡಿಶ್ಶಿನ ಬೇರಿಂಗ್ ಸವೆದರೆ ಯಾವ ಮಂತ್ರಿ ಬಂದು ರಿಬ್ಬನ್ ಕತ್ತರಿಸ್ತಾರೆ? ಫ್ರಾನ್ಸಿನ ಜೊತೆ ಸೇರಿ 2011ರಲ್ಲಿ ಮೇಘಾ-ಟ್ರಾಪಿಕ್ಸ್ ಹಾರಿಸಿದೆವು, ತೇವ ಅಳೆಯುವ ಒಳ್ಳೆ ಮೈಕ್ರೋವೇವ್ ಸಾಧನ ಇತ್ತು ಅದರಲ್ಲಿ, 2023ರ ಮಾರ್ಚಲ್ಲಿ ಅದನ್ನು ಪೆಸಿಫಿಕ್ ಮೇಲೆ ಇಳಿಸಿ ಸುಟ್ಟದ್ದೂ ಆಯ್ತು. ಯುರೋಪಿನವರು 2024ರ ಆಗಸ್ಟಲ್ಲಿ ಬರೀ 125 ಕಿಲೋದ ಒಂದು ಪುಟ್ಟ ಮೈಕ್ರೋವೇವ್ ಉಪಗ್ರಹ ಹಾರಿಸಿ, ಅಂಥದ್ದೇ ಒಂದು ಹಿಂಡು ಕಳಿಸುವ ತಯಾರಿಯಲ್ಲಿದ್ದಾರೆ. ನಮ್ಮಲ್ಲಿ ಸೇತುವೆಗೂ ಇದೇ ಗತಿ, ಲೈಬ್ರರಿಗೂ ಇದೇ ಗತಿ, ಉದ್ಘಾಟನೆ ಆದ ಮಾರನೇ ದಿನದಿಂದ ಅದು ಅನಾಥ. ಕನ್ನಡ ಭವನ ಕಟ್ಟಿಸ್ಲಿಕ್ಕೆ ದಾನಿಗಳು ಸಿಗ್ತಾರೆ, ಬಲ್ಬ್ ಹಾಕಿಸ್ಲಿಕ್ಕೆ ನಾನು ಚಂದಾ ಎತ್ತಬೇಕು. ಬಿಡಿ, ಅದು ಇನ್ನೊಂದು ಸಂಚಿಕೆಗೆ.

ನಿಮ್ಮ ಡೊಂಬಿವಲಿಯಲ್ಲೇ ನಮ್ಮ ಓದುಗರ ಮನೆಯ ಹುಡುಗ ಒಬ್ಬ ಇದ್ದಾನೆ, ಇಂಜಿನಿಯರಿಂಗ್ ಎರಡನೇ ವರ್ಷ. ಎರಡು ಅಲ್ಯೂಮಿನಿಯಂ ಸರಳನ್ನು ವಿ ಆಕಾರಕ್ಕೆ ಕಟ್ಟಿ, ಯುಎಸ್‌ಬಿ ರೇಡಿಯೋ ಸಿಕ್ಕಿಸಿ, ಟೆರೇಸಿನ ಮೇಲೆ 137 ಮೆಗಾಹರ್ಟ್ಸಲ್ಲಿ ನೋವಾ-19ರ ಚಿತ್ರ ಹಿಡೀತಿದ್ದ, ಅವನ ಅಮ್ಮ ಅದರ ಮೇಲೆ ಟವಲ್ ಒಣಗಿಸ್ತಿದ್ರು. ಮುನ್ಸೂಚನೆಗೆ ಬೇಕಾದ ಮೈಕ್ರೋವೇವ್ ಡೇಟಾ ಇದರಲ್ಲಿ ಸಿಗುದಿಲ್ಲ, ಬರೀ ಮೋಡದ ಚಿತ್ರ, ಆದ್ರೂ ಉಪಗ್ರಹ ದಿಗಂತಕ್ಕೆ ಇಳಿಯುವ ಮೊದಲೇ ಇಡೀ ಅರಬ್ಬೀ ಸಮುದ್ರ ಲ್ಯಾಪ್‌ಟಾಪಲ್ಲಿ. ಆ ಉಪಗ್ರಹವನ್ನು 2025ರ ಆಗಸ್ಟಲ್ಲಿ ನಿಲ್ಲಿಸಿದ್ರು, ರಷ್ಯಾದ ಮೆಟಿಯರ್-ಎಂ ಇನ್ನೂ ಅದೇ ಬ್ಯಾಂಡಲ್ಲಿ ಕಳಿಸ್ತಾ ಉಂಟು. ಈಗ ಅವನ ಸೊಸೈಟಿಯವರು ಟೆರೇಸಿಗೆ ಬೀಗ ಹಾಕಿದ್ದಾರೆ. ನೀವು ನಿಮ್ಮ ಸೊಸೈಟಿಯ ಸೆಕ್ರೆಟರಿ ಅಂತ ಪತ್ರದ ಅಡಿಯಲ್ಲಿ ಬರ್ದಿದ್ದೀರಿ, ನಿಮ್ಮ ಟೆರೇಸಿನ ಬೀಗದ ಕೈ ನಿಮ್ಮ ಹತ್ರವೇ ಇರ್ಬೇಕು. ಭಾನುವಾರ ಕಳಿಸ್ತೇನೆ ಅವನನ್ನು, ನೀವೂ ಮೇಲೆ ಹತ್ತಿ ನೋಡಿ.