ಕಿಂಗ್ಸ್ ಕ್ರಾಸ್‌ನಲ್ಲಿ ಸಿಕ್ಕಿಕೊಂಡ ಎಂಜಿನ್

ಪ್ರಶ್ನೆ: ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಸಿಗ್ನಲ್‌ಗಳನ್ನು ಮನೆಯ ಕಂಪ್ಯೂಟರಿನಲ್ಲಿ ಆಟದಂತೆ ನಿರ್ವಹಿಸುವ ಸಿಮ್‌ಸಿಗ್ ತಂತ್ರಾಂಶಕ್ಕೆ 1970ರ ದಶಕದ ಕೊನೆಯ ವೇಳಾಪಟ್ಟಿಯೊಂದನ್ನು ಬರೆಯುತ್ತಿದ್ದೇನೆ. ಪ್ರಯಾಣಿಕರಿಗಾಗಿ ಅಚ್ಚಾಗಿದ್ದ ಪುಸ್ತಕದಲ್ಲಿರುವ ರೈಲುಗಳನ್ನೆಲ್ಲ ಸೇರಿಸಿದ್ದರೂ ಬೆಳಗಿನ ಹೊತ್ತಿನಲ್ಲೇ ಪ್ಲಾಟ್‌ಫಾರಂಗಳು ತುಂಬಿ ಸಂಚಾರ ನಿಂತುಹೋಗುತ್ತದೆ. ಡಿಪೋ ಓಡಾಟಗಳನ್ನು ಹೇಗೆ ಸೇರಿಸಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪ್ರಯಾಣಿಕರ ವೇಳಾಪಟ್ಟಿಯಲ್ಲಿ ಖಾಲಿ ರೇಕ್‌ಗಳಾಗಲಿ (ಪ್ರಯಾಣಿಕರಿಲ್ಲದ ಬೋಗಿಗಳ ಸಾಲು) ಒಂಟಿ ಎಂಜಿನ್‌ಗಳಾಗಲಿ ಇರುವುದಿಲ್ಲ. ನಿಮಗೆ ಬೇಕಾದದ್ದು ರೈಲ್ವೆ ಸಿಬ್ಬಂದಿಗಾಗಿ ಅಚ್ಚಾಗುತ್ತಿದ್ದ ವರ್ಕಿಂಗ್ ಟೈಮ್‌ಟೇಬಲ್. ಅದರ ಜೊತೆಗೆ, ಯಾವ ರೇಕ್, ಯಾವ ಎಂಜಿನ್ ಒಂದರ ನಂತರ ಒಂದು ಯಾವ ರೈಲಿಗೆ ಹೋಗುತ್ತದೆಂದು ಹೇಳುವ, ನಮ್ಮಲ್ಲಿ ರೇಕ್ ಲಿಂಕ್, ಲೋಕೋ ಲಿಂಕ್ ಎನ್ನುವಂಥ ಪಟ್ಟಿಗಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸಿಗದಿದ್ದರೆ ಪ್ರತಿಯೊಂದು ಎಂಜಿನ್ನಿನ ಹಿಂದೆ ನೀವೇ ನಡೆಯಬೇಕು.

ಕಿಂಗ್ಸ್ ಕ್ರಾಸ್ ಕೊನೆಯ ನಿಲ್ದಾಣವಾದ್ದರಿಂದ, ಡೆಲ್ಟಿಕ್ ಎಂಬ ಡೀಸೆಲ್ ಎಂಜಿನ್ ಎಳೆದು ತಂದ ಎಕ್ಸ್‌ಪ್ರೆಸ್ ನಿಂತಾಗ ಆ ಎಂಜಿನ್ ಹಳಿಯ ಕೊನೆಯ ಬಫರ್‌ಗೂ ಬೋಗಿಗಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಎಂಜಿನ್ ಹೊರತುದಿಗೆ ಬಂದು ಜೋಡಣೆಯಾಗಿ, ಖಾಲಿ ರೇಕನ್ನು ಹಾರ್ನ್ಸಿ ಅಥವಾ ಬೌಂಡ್ಸ್ ಗ್ರೀನ್‌ನ ಬೋಗಿ ಯಾರ್ಡುಗಳ ಕಡೆಗೆ ಎಳೆದೊಯ್ದ ಮೇಲಷ್ಟೇ, ಇಲ್ಲವೇ ಅದೇ ರೇಕನ್ನು ಮುಂದಿನ ಎಕ್ಸ್‌ಪ್ರೆಸ್ ಆಗಿ ಹೊರಡಿಸಿದ ಮೇಲಷ್ಟೇ ಮೊದಲಿನದಕ್ಕೆ ಬಿಡುಗಡೆ. ಬಿಡುಗಡೆಯಾದದ್ದು ಗ್ಯಾಸ್‌ವರ್ಕ್ಸ್ ಸುರಂಗದ ಮೂಲಕ, ಸುಮಾರು 4 ಕಿ.ಮೀ. ದೂರದ ಫಿನ್ಸ್‌ಬರಿ ಪಾರ್ಕ್ ಡೀಸೆಲ್ ಡಿಪೋಗೆ ಹೋಗಬಹುದು, ಅಥವಾ ನಿಲ್ದಾಣದ ಪಕ್ಕದಲ್ಲೇ ಇದ್ದ ಸಣ್ಣ ಎಂಜಿನ್ ಯಾರ್ಡಿನಲ್ಲಿ ನಿಲ್ಲಬಹುದು. ಹೀಗೆ ಪುಸ್ತಕದಲ್ಲಿ ಒಂದೇ ಸಾಲಾಗಿ ಕಾಣುವ ರೈಲು, ಸಿಗ್ನಲ್ ಕ್ಯಾಬಿನ್ನಿನವನಿಗೆ ಮೂರು ನಾಲ್ಕು ಓಡಾಟಗಳ ಕೆಲಸ ಕೊಡುತ್ತದೆ. ನಿಮ್ಮ ಪ್ಲಾಟ್‌ಫಾರಂಗಳು ತುಂಬಿದ್ದು ಈ ಓಡಾಟಗಳು ಇಲ್ಲದ್ದರಿಂದಲೇ.

ಸಿಮ್‌ಸಿಗ್‌ನಲ್ಲಿ ಇವನ್ನು ಬಿಡಿ ರೈಲುಗಳಾಗಿ ಬರೆಯದೆ, ‘ಮುಂದಿನ ರೈಲು’, ‘ಬೇರ್ಪಡು’, ‘ಜೋಡು’ ಎಂಬ ಅರ್ಥದ ಸೂಚನೆಗಳಿಂದ ಕೊಂಡಿ ಹಾಕಿರಿ. ಆಗ ಎಕ್ಸ್‌ಪ್ರೆಸ್ ತಡವಾದರೆ ಅದರ ಎಂಜಿನ್ನೂ ತಡವಾಗಿಯೇ ಡಿಪೋ ಸೇರುತ್ತದೆ. ರೈಲಿನ ಗುರುತು ಸಂಖ್ಯೆಯ ಮೊದಲ ಅಂಕಿ 1 ಇದ್ದರೆ ಎಕ್ಸ್‌ಪ್ರೆಸ್, 5 ಖಾಲಿ ರೇಕ್, 0 ಒಂಟಿ ಎಂಜಿನ್. ಈ ಸಂಖ್ಯೆಯನ್ನು ಎಂಜಿನ್ನಿನ ಮುಖದ ಮೇಲೆ ತೋರಿಸುವ ಪದ್ಧತಿ 1976ರ ಜನವರಿಯಲ್ಲಿ ನಿಂತುಹೋಯಿತಾದ್ದರಿಂದ, ಆನಂತರದ ಛಾಯಾಚಿತ್ರಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ. ಡಿಪೋದೊಳಗಿನ ಶಂಟಿಂಗ್ ಸಿಗ್ನಲ್ ಫಲಕದವನ ಕೈಯಲ್ಲಿ ಇರುವುದಿಲ್ಲವಾದ್ದರಿಂದ, ಹೊರಬರುವ ಸಿಗ್ನಲ್ ಬಳಿ ಎಂಜಿನ್ ಸಿದ್ಧವಾಗುವ ಸಮಯವಷ್ಟೇ ಸಾಕು.

ವರ್ಷವನ್ನು ಮಾತ್ರ ಎಚ್ಚರದಿಂದ ಆರಿಸಿಕೊಳ್ಳಿ. 1977ರಲ್ಲಿ ನಿಲ್ದಾಣದ ಹಳಿ ವಿನ್ಯಾಸವೇ ಬದಲಾಗಿ, ಗ್ಯಾಸ್‌ವರ್ಕ್ಸ್ ಸುರಂಗದ ಮೂರು ಕೊಳವೆಗಳಲ್ಲಿ ಒಂದನ್ನು ಕೈಬಿಡಲಾಯಿತು. ನಿಮ್ಮ ಪರದೆಯ ಮೇಲಿನ ನಕ್ಷೆಗೆ ಹೊಂದುವ ವರ್ಷವೇ ಇರಲಿ. 1978ರಲ್ಲಿ ಬಂದ ಎಚ್‌ಎಸ್‌ಟಿ (ಹೈ ಸ್ಪೀಡ್ ಟ್ರೇನ್) ರೈಲುಗಳಿಗೆ ಎರಡೂ ತುದಿಯಲ್ಲಿ ಎಂಜಿನ್ ಇದ್ದುದರಿಂದ ಅವುಗಳಿಗೆ ಮೇಲಿನ ಕಸರತ್ತು ಬೇಕಿಲ್ಲ. 1979ರ ಬೇಸಿಗೆಯ ಪಟ್ಟಿಯನ್ನಂತೂ ನಾನು ಮುಟ್ಟುತ್ತಿರಲಿಲ್ಲ: ಆ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಪೆನ್‌ಮನ್‌ಶೀಲ್ ಸುರಂಗ ಕುಸಿದು, ಆಗಸ್ಟ್‌ನಲ್ಲಿ ಹೊಸ ಮಾರ್ಗ ತೆರೆಯುವವರೆಗೆ ಎಡಿನ್‌ಬರೋ ರೈಲುಗಳ ನೇರ ದಾರಿ ಮುಚ್ಚಿತ್ತು. 1977–78ರ ಚಳಿಗಾಲದ ಪಟ್ಟಿಯಿಂದ ಆರಂಭಿಸಿರಿ.