ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಪ್ರಶ್ನೆ: ಅಪ್ಪನಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಇದೆ. ಕರೆಂಟ್ ಹೋದರೆ ಸಿಲಿಂಡರ್. ಅದು ಎಷ್ಟು ಹೊತ್ತು ಬರುತ್ತದೆ?
– ಓದುಗರೊಬ್ಬರು, ಶಿರಾ

ಉತ್ತರ: ಈ ಯಂತ್ರಗಳ ರಿಪೇರಿಗೆ ತುಮಕೂರಿನಿಂದ ನಿಮ್ಮ ಕಡೆ ಬರುತ್ತಲೇ ಇರುತ್ತೇನೆ, ನಿಮ್ಮ ಆತಂಕ ಅರ್ಥವಾಗುತ್ತದೆ. ಲೆಕ್ಕ ಸುಲಭ. ಸಿಲಿಂಡರಿನ ಒಳಜಾಗ 10 ಲೀಟರ್, ಒತ್ತಡ ತೋರಿಸುವ ಗೇಜಿನ ಮುಳ್ಳು 150 ಬಾರ್ (ಒತ್ತಡದ ಅಳತೆ) ಅಂದರೆ ಎರಡನ್ನೂ ಗುಣಿಸಿ: ಸುಮಾರು 1500 ಲೀಟರ್ ಆಕ್ಸಿಜನ್. ಒತ್ತಿ ತುಂಬಿದ್ದು ಹೊರಗೆ ಬಂದಾಗ ಹಿಗ್ಗುತ್ತದೆ, ಅಲ್ವಾ? ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಸುಮಾರು 12 ಗಂಟೆ. ಮುಳ್ಳು 75ಕ್ಕೆ ಬಂದರೆ ಅರ್ಧ ಖಾಲಿ. ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಅಂತ ತೋರಿಸುವ ಫ್ಲೋಮೀಟರ್ ನೆಟ್ಟಗಿರಲಿ, ವಾಲಿದರೆ ಒಳಗಿನ ಗುಂಡು ತಪ್ಪು ಅಳತೆ ತೋರಿಸುತ್ತದೆ. ಗುಂಡಿನ ನಡುಭಾಗ ಗೆರೆಗೆ ಸರಿಯಾಗಿರಬೇಕು. ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ಸುಮ್ನೆ ಬಿಡಬೇಡಿ. ವಾಲ್ವ್ ಬಿಗಿಯಾಗಿದೆ ಅಂತ ಎಣ್ಣೆ ಹಚ್ಚಲೇಬೇಡಿ, ಬೆಂಕಿ ಹತ್ತಬಹುದು. ಕತ್ತಲಾದರೂ ಆ ಕೋಣೆಯಲ್ಲಿ ಮೇಣದಬತ್ತಿ ಬೇಡ, ಟಾರ್ಚ್ ಇಟ್ಟುಕೊಳ್ಳಿ.