ಹ್ಯಾರಿ ಪಾಟರ್ ಮೊದಲ ಆಟ: ಡಿಎಸ್ ಲೈಟ್ ಇರುವವರು ಯಾವ ಕಾರ್ಟ್ರಿಜ್ ಕೊಳ್ಳಬೇಕು?

ನಮಸ್ಕಾರ ಸರ್. ಪುಸ್ತಕ ಓದಿ ಮುಗಿಸಿದ ಮಗಳಿಗೆ ಹ್ಯಾರಿ ಪಾಟರ್ ಸರಣಿಯ ಮೊದಲ ಆಟವನ್ನು ಕೊಡಿಸಬೇಕೆಂದಿದ್ದೀರಿ. ಮನೆಯಲ್ಲಿರುವುದು ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ನಿಂಟೆಂಡೊ ಡಿಎಸ್ ಲೈಟ್, ಮಾರಾಟಕ್ಕಿರುವುದು ಒಂದೇ ಹೆಸರಿನ ಎರಡು ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ ಆಟದ ಬಿಲ್ಲೆ), ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ.

ನಿಂಟೆಂಡೊದ ಹಳೆಯ ಕೈಯಂತ್ರಗಳಾದ ಗೇಮ್ ಬಾಯ್ ಕಲರ್ ಮತ್ತು ಗೇಮ್ ಬಾಯ್ ಅಡ್ವಾನ್ಸ್‌ಗೆಂದು 2001ರಲ್ಲಿ ಬಂದ ಈ ಎರಡನ್ನೂ ಗ್ರಿಪ್ಟೋನೈಟ್ ಸಂಸ್ಥೆಯೇ ರೂಪಿಸಿದ್ದರೂ ಆಟದ ಬಗೆ ಪೂರ್ತಿ ಬೇರೆ. ಅಡ್ವಾನ್ಸ್ ಆವೃತ್ತಿಯಲ್ಲಿ ಓಡುವುದು, ಮಂತ್ರ ಹಾಕಿ ಕಲ್ಲು ತಳ್ಳುವುದು, ಅಡೆತಡೆ ದಾಟುವುದು ಹೆಚ್ಚು. ಕಲರ್ ಆವೃತ್ತಿಯಾದರೋ ಸರದಿಯಂತೆ ಮಂತ್ರ ಪ್ರಯೋಗಿಸುವ ಪಾತ್ರಾಭಿನಯದ ಆಟ: ಅನುಭವ ಕೂಡಿದಂತೆ ಹ್ಯಾರಿಯ ಶಕ್ತಿ ಬೆಳೆಯುತ್ತದೆ, ಪ್ರಸಿದ್ಧ ಮಾಂತ್ರಿಕರ ಕಾರ್ಡುಗಳನ್ನು ಸಂಗ್ರಹಿಸಿ ಸರಿಯಾಗಿ ಜೋಡಿಸಿದರೆ ಕಾಳಗದಲ್ಲಿ ವಿಶೇಷ ಬಲ ದೊರೆಯುತ್ತದೆ. 160×144 ಚುಕ್ಕೆಗಳ ಪುಟ್ಟ ಪರದೆಯಲ್ಲಿ ಓಟದ ರೋಚಕತೆಗೆ ಅವಕಾಶ ಕಡಿಮೆ. ಮಾತುಕತೆಗೆ, ಮೂಲೆಮೂಲೆ ಹುಡುಕುವುದಕ್ಕೆ ಜಾಗವಿದೆ. ಹೀಗಾಗಿ ಪುಸ್ತಕವನ್ನು ಮೆಚ್ಚಿದವರಿಗೆ ಇದೇ ಹೆಚ್ಚು ಹಿಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ. (ಅದರಲ್ಲಿ ಬರುವ ಫ್ಲಿಪೆಂಡೊ ಮಂತ್ರವನ್ನು ಮಗಳು ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದು ಆಟಗಳಿಗೆಂದೇ ಹುಟ್ಟಿದ್ದು.)

ಆದರೆ ತೊಡಕು ಇರುವುದು ಇಲ್ಲಿಯೇ. ಡಿಎಸ್ ಲೈಟ್‌ನಲ್ಲಿ ಅಡ್ವಾನ್ಸ್ ಕಾರ್ಟ್ರಿಜ್ ಮಾತ್ರ ನಡೆಯುತ್ತದೆ, ಕಲರ್ ಕಾರ್ಟ್ರಿಜ್ ನಡೆಯುವುದಿಲ್ಲ. ಅದಕ್ಕೆ ಗೇಮ್ ಬಾಯ್ ಕಲರ್, ಅಡ್ವಾನ್ಸ್ ಇಲ್ಲವೇ ಅಡ್ವಾನ್ಸ್ ಎಸ್‌ಪಿ ಬೇಕು. ಪರದೆಗೆ ಬೆಳಕೂ ರೀಚಾರ್ಜ್ ಆಗುವ ಬ್ಯಾಟರಿಯೂ ಇರುವ ಎಸ್‌ಪಿಯೇ ಮಕ್ಕಳಿಗೆ ಅನುಕೂಲ. ಕೊಳ್ಳುವಾಗ ಬ್ಯಾಟರಿ ಉಬ್ಬಿದೆಯೇ ಎಂದು ತಪ್ಪದೆ ನೋಡಿ. ಇನ್ನೊಂದು ಯಂತ್ರಕ್ಕೆ ಹಣ ಹಾಕುವುದು ಬೇಡವೆನಿಸಿದರೆ, 2004ರಲ್ಲಿ ಅಡ್ವಾನ್ಸ್‌ಗೆ ಬಂದ ಮೂರನೆಯ ಕಥೆಯ ಆಟ, ಪ್ರಿಸನರ್ ಆಫ್ ಅಜ್ಕಬಾನ್, ಇದೇ ಸರದಿ ಕಾಳಗದ ಬಗೆಯದು ಮತ್ತು ತಮ್ಮ ಡಿಎಸ್ ಲೈಟ್‌ನಲ್ಲೇ ನಡೆಯುತ್ತದೆ. ಮಗಳು ಮೂರನೆಯ ಪುಸ್ತಕದವರೆಗೆ ಓದಿದ್ದರೆ ನಾನು ಇದನ್ನೇ ಸೂಚಿಸುತ್ತೇನೆ.

ಪೆಟ್ಟಿಗೆಯ ಮೇಲೆ ಮೊದಲ ಆಟದ ಹೆಸರು ‘ಸಾರ್ಸರರ್ಸ್ ಸ್ಟೋನ್’ ಎಂದಿದ್ದರೆ ಅಮೆರಿಕದ್ದು, ‘ಫಿಲಾಸಫರ್ಸ್ ಸ್ಟೋನ್’ ಎಂದಿದ್ದರೆ ಬ್ರಿಟನ್ನಿನದು. ಈ ಯಂತ್ರಗಳಿಗೆ ದೇಶದ ಕಟ್ಟುಪಾಡಿಲ್ಲವಾದ್ದರಿಂದ ಯಾವುದಾದರೂ ಆದೀತು.

ಕಲರ್ ಕಾರ್ಟ್ರಿಜ್‌ನಲ್ಲಿ ಆಟದ ಪ್ರಗತಿ ಉಳಿಯುವುದು ಒಳಗಿನ ಗುಂಡಿ ಸೆಲ್‌ನಿಂದ. ಆದ್ದರಿಂದ ಹಣ ಕೊಡುವ ಮೊದಲು ಆಟವನ್ನು ಸೇವ್ ಮಾಡಿಸಿ, ಕಾರ್ಟ್ರಿಜ್ ಹೊರತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡಿ. ಸೇವ್ ಅಳಿಸಿಹೋಗಿದ್ದರೆ ಬೆಲೆ ಇಳಿಸಲು ಕೇಳಬಹುದು. ಮೊಬೈಲ್ ರಿಪೇರಿ ಬಲ್ಲವರು ಸೆಲ್ ಬದಲಿಸಿಕೊಡುತ್ತಾರೆ. ಲೋಹದ ಪಟ್ಟಿ ಮೊದಲೇ ಅಂಟಿರುವ ಸೆಲ್ಲನ್ನೇ ಹಾಕಿಸಿ. ಬರಿಯ ಸೆಲ್‌ಗೆ ನೇರವಾಗಿ ಬೆಸುಗೆ ಹಾಕಿದರೆ ಕಾಯ್ದು ಸಿಡಿಯುವ ಅಪಾಯವಿದೆ.